ಮಾತಾಡದ ತಂಗಿ, ಬೊಚ್ಚಾ ಆಟ, ರ‍್ಯಾಂಪ್ ಹಿಡಿಯುವ ನಾನು

ಬೆನ್ನು ಹಾಕಿ ಕೂತವ:
ತಂಗಿಗೆ 16 ವರ್ಷ, ಸೆರೆಬ್ರಲ್ ಪಾಲ್ಸಿ. ಮಾತು ಬರುವುದಿಲ್ಲ, ಚೆಂಡು ಎಸೆಯಲೂ ಆಗುವುದಿಲ್ಲ. ಬೊಚ್ಚಾ ಅಂದರೆ ಬಿಳಿ ಗುರಿಚೆಂಡಿನ ಹತ್ತಿರಕ್ಕೆ ತಮ್ಮ ಚೆಂಡು ಕಳಿಸುವ ಆಟ. ಅದರಲ್ಲಿ ಇವಳಂಥ ಎಸೆಯಲಾಗದವರ ಬಿ.ಸಿ.3 ವರ್ಗದಲ್ಲಿ ರ‍್ಯಾಂಪ್ (ಚೆಂಡು ಉರುಳಿಬಿಡುವ ಇಳಿಜಾರು) ಇಟ್ಟುಕೊಂಡು ಆಡುತ್ತಾಳೆ, ತಲೆಗೆ ಕಟ್ಟಿದ ಕಡ್ಡಿಯಿಂದ ಚೆಂಡು ಬಿಡುತ್ತಾಳೆ. ರ‍್ಯಾಂಪ್ ಸರಿಸುವವನು ನಾನು. ನಿಯಮ ಗೊತ್ತಲ್ವಾ, ನಾನು ಅಂಕಣಕ್ಕೆ ಬೆನ್ನು ಹಾಕಿ ಕೂರಬೇಕು, ತಿರುಗಿ ನೋಡುವ ಹಾಗೇ ಇಲ್ಲ. ನನಗೆ ಕಾಣುವುದು ಅವಳ ಮುಖ ಒಂದೇ. ಕಣ್ಣಲ್ಲಿ ಎಡ ಅನ್ನುತ್ತಾಳೆ, ಅದು ನನ್ನ ಬಲ! ಅದಕ್ಕೇ ಎಷ್ಟೋ ಸಲ ಎಡವಟ್ಟಾಗಿದೆ. ಅದರ ಮೇಲೆ ಸ್ವಲ್ಪ ಸರಿಸಬೇಕೋ ಕೂದಲೆಳೆಯಷ್ಟೋ ಅಂತ ಹೇಳಲು ಅವಳು ಒದ್ದಾಡುವಾಗ ಗಡಿಯಾರ ಓಡುತ್ತಿರುತ್ತದೆ. 6 ಚೆಂಡು, 6 ನಿಮಿಷ. ಮಾತಾಡುವ ಟ್ಯಾಬ್‌ನಲ್ಲಿ ಹಸಿವು, ನೀರು, ನೋವು ಎಲ್ಲ ಇದೆ, ಆಟದ ಒಂದು ಪದವೂ ಇಲ್ಲ. ಏನು ಮಾಡಲಿ?

ಹಳೇ ಕೋಚ್:
ಮೊದಲು ಎಡ-ಬಲ ಅನ್ನುವ ಪದಗಳನ್ನೇ ಬಿಡಿ. ಯಾವ ಕಡೆ ನೋಡುತ್ತಾಳೋ ಆ ಕಡೆಗೆ ಸರಿಸಿ, ಮುಗಿಯಿತು. ರ‍್ಯಾಂಪ್ ಮೇಲೆ ಎತ್ತರಕ್ಕೆ ಅಂಕಿ ಬರೆದು, ಅದೇ ಅಂಕಿಗಳ ಹಲಗೆಯನ್ನು ಅವಳ ಮುಂದೆ ಇಡಿ, ಕಣ್ಣಲ್ಲಿ 7 ಅಂದರೆ ಚೆಂಡು 7ಕ್ಕೆ. ಒಮ್ಮೆ ಕಣ್ಣು ಮಿಟುಕಿಸಿದರೆ ಒಂದು ಬೆರಳಗಲ ಅಂತ ಒಪ್ಪಂದ ಮಾಡಿಕೊಳ್ಳಿ. ಪ್ರತಿ ಎಸೆತಕ್ಕೂ ಹೊಸದಾಗಿ ಗುರಿ ಹುಡುಕಬೇಕು, ಅದಕ್ಕೇ ಈ ಅಳತೆ ಬೇಕು ಅನ್ನುವುದು. ಎಲ್ಲಕ್ಕಿಂತ ವೇಗವಾಗಿ ಬರಬೇಕಾದ ಸನ್ನೆ 'ಸಾಕು, ನಿಲ್ಲಿಸು'.

ಕೆನ್ನೆ ಸ್ವಿಚ್:
ನಾನೂ ಮಾತಾಡುವುದಿಲ್ಲ. ಬಿ.ಸಿ.3 ಆಟಗಾರ. ಕೆನ್ನೆಯಿಂದ ಒತ್ತಿ ಟೈಪ್ ಮಾಡುತ್ತೇನೆ, ಚಿಕ್ಕದಾಗಿ ಬರೆಯುತ್ತೇನೆ.
ನೀವು ಊಹಿಸುತ್ತೀರಾ? ನನ್ನ ಅಮ್ಮ ಊಹಿಸುತ್ತಿದ್ದರು. ಮನೆಯಲ್ಲಿ ಅದರಿಂದ ಅನುಕೂಲ. ಅಂಕಣದಲ್ಲಿ ನಾನು ಹೇಳದೇ ರ‍್ಯಾಂಪ್ ಸರಿಸಿದರೆ ತಪ್ಪು. ಒಮ್ಮೆ ಅಭ್ಯಾಸದಲ್ಲಿ ಅಮ್ಮ ಮೊದಲೇ ಸರಿಸಿಬಿಟ್ಟರು. ಚೆಂಡು ಬಿಳಿ ಚೆಂಡಿಗೆ ಅಂಟಿ ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಅಳು ಬಂತು. ಎಲ್ಲರೂ ಖುಷಿಗೆ ಅಂದುಕೊಂಡರು.
ಟ್ಯಾಬ್‌ನಲ್ಲಿ 'ಅದಲ್ಲ' ಹಾಕಿ. 'ನನಗೆ ಬಿಡು' ಹಾಕಿ. ಎರಡು ಬೈಗುಳ ಕೂಡ. ಎದುರಾಳಿಯ ಚೆಂಡು ಚೆನ್ನಾಗಿ ಬಿದ್ದಾಗ ಬೇಕಾಗುತ್ತದೆ.

ಹಳೇ ಕೋಚ್:
ಬೈಗುಳ ಆಟ ಮುಗಿದ ಮೇಲೆ ಒತ್ತಪ್ಪಾ, ಅಂಪೈರ್ ಕೇಳಿಸಿಕೊಂಡರೆ ಕಷ್ಟ 😄

ಬೆನ್ನು ಹಾಕಿ ಕೂತವ:
ಊಹಿಸುತ್ತಿದ್ದೆ. ಸುಮ್ನೆ ಒಪ್ಪಿಕೊಳ್ಳುತ್ತೇನೆ. ನಿನ್ನೆ ಅಂಕಿ ಹಲಗೆ ಮಾಡಿಕೊಂಡು ಹೋದೆವು. 9 ಅಂದಳು. ಜಾಸ್ತಿ ಆಯ್ತು ಅಂತ ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಚೆಂಡು ಬಿಳಿ ಚೆಂಡನ್ನು ದಾಟಿ ಗೆರೆಯಾಚೆ ಹೋಯಿತಂತೆ, ನನಗೆಲ್ಲಿ ಕಾಣಬೇಕು, ಅವಳ ನಗು ನೋಡಿಯೇ ಗೊತ್ತಾಗಿದ್ದು. ಮುಂದಿನ ಚೆಂಡಿಗೆ 8 ಅಂದಳು.