ಮನೆ ಆದಾಯ ನೋಡಿ ಯುವನಿಧಿ ನಿಲ್ಲಿಸುತ್ತಾರಾ?

ಪ್ರಶ್ನೆ: ನಾನು ಪೀಣ್ಯದಲ್ಲಿ ಕೆಲಸ ಮಾಡುತ್ತೇನೆ. ನಾನು ಐಟಿ ರಿಟರ್ನ್ಸ್ ಹಾಕಿದ್ದಕ್ಕೆ ಊರಲ್ಲಿ ಅಪ್ಪನ ಬಿಪಿಎಲ್ ಕಾರ್ಡ್ ರದ್ದಾಯಿತಂತೆ. ತಮ್ಮ ಬಿಎ ಮುಗಿಸಿ ಮನೆಯಲ್ಲೇ ಇದ್ದಾನೆ. ಕೆಲಸ ಸಿಗದ ಪದವೀಧರರಿಗೆ ಸರ್ಕಾರ ತಿಂಗಳಿಗೆ ಕೊಡುವ 3,000 ರೂಪಾಯಿ ಯುವನಿಧಿಯೂ ಅವನಿಗೆ ಹೋಗುತ್ತಾ?

ಉತ್ತರ 1: ಗಾಬರಿ ಬೇಡ ಅಣ್ಣ. ಯುವನಿಧಿಗೆ ಮನೆ ಆದಾಯದ ಮಿತಿ ಇಲ್ಲ. ಪಾಸಾಗಿ 180 ದಿನ ಆದರೂ ಕೆಲಸ ಸಿಕ್ಕಿಲ್ಲವಾ ಅಂತ ನೋಡುತ್ತಾರೆ. 2 ವರ್ಷದವರೆಗೆ ಬರುತ್ತದೆ. ಇನ್ನೂ ಕೆಲಸ ಸಿಕ್ಕಿಲ್ಲ ಅನ್ನುವ ಸ್ವಯಂ ಘೋಷಣೆ ಮಾತ್ರ ತಪ್ಪಿಸಬೇಡಿ.

ಉತ್ತರ 2: ನನಗೆ ಸಿಟ್ಟು ಬರುವುದು ಬಿಪಿಎಲ್‌ಗೆ ಮನೆ ಆದಾಯ ವರ್ಷಕ್ಕೆ 1.2 ಲಕ್ಷ ದಾಟಬಾರದು ಅನ್ನುವ ಗೆರೆ ಮೇಲೆ. ಹಳ್ಳಿಯಲ್ಲಿ ಸಂಬಳದ ಚೀಟಿ ಇರುತ್ತಾ? ನಮಗೆ ಒಂದು ವರ್ಷ ಟೊಮೆಟೊಗೆ ಒಳ್ಳೆ ರೇಟು ಸಿಕ್ಕಿತು, ಮರುವರ್ಷ ಕೀಳುವ ಕೂಲಿಯೂ ಹುಟ್ಟದೆ ಕ್ರೇಟುಗಟ್ಟಲೆ ಬದುವಿಗೆ ಸುರಿದೆವು, ಆದರೆ ಕಾಗದದಲ್ಲಿ ಆ ಒಳ್ಳೆ ವರ್ಷವೇ ಉಳಿಯಿತು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಬಾಡಿಗೆ ಕಟ್ಟಿ ನಾನು ಊರಿಗೆ ಕಳಿಸುವುದು ಬರೀ 2,000. ಅದನ್ನು ಯಾರೂ ಕೇಳಲೇ ಇಲ್ಲ.