ಟ್ರಿಯೆಸ್ತೆಯ ಮಿರಾಮಾರೆ ಕೋಟೆ, ತೋಟ: ಅತ್ತೆ, ಮಗಳ ಜೊತೆ ಹೋಗಬಹುದಾ? ಅನುಭವ ಹೇಳಿ

ಬಸವನಗುಡಿಯಿಂದ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ಇಟಲಿಯ ಟ್ರಿಯೆಸ್ತೆಯಲ್ಲಿರುವ ಐಸಿಟಿಪಿಯಲ್ಲಿ (ಸೈದ್ಧಾಂತಿಕ ಭೌತವಿಜ್ಞಾನದ ಅಂತರರಾಷ್ಟ್ರೀಯ ಕೇಂದ್ರ) ನನಗೊಂದು ಕಾರ್ಯಾಗಾರ ಇದೆ. ಯಜಮಾನರು, 7 ವರ್ಷದ ಮಗಳು, ಅತ್ತೆ ಮೂವರೂ ಜೊತೆಗೆ ಬರುತ್ತಿದ್ದಾರೆ. ನಾನು ಹಗಲೆಲ್ಲ ಉಪನ್ಯಾಸ ಕೇಳುತ್ತಾ ಕೂತಿರುತ್ತೇನೆ. ಆ ಹೊತ್ತಿಗೆ ಅವರು ಪಕ್ಕದಲ್ಲೇ ಇರುವ ಮಿರಾಮಾರೆ ಕೋಟೆ, ತೋಟ ನೋಡಿಕೊಂಡು ಬರಲಿ ಅಂತ ಯೋಚನೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಕಷ್ಟ. ಮಗಳಿಗೆ ಸಮುದ್ರ ಕಂಡರೆ ನೀರಿಗೆ ಇಳಿಯಲೇಬೇಕು. ಯಾವ ದಾರಿ ಸುಲಭ? ಟಿಕೆಟ್ ತಗೊಂಡು ಕೋಟೆಯ ಒಳಗೆ ಹೋಗಬೇಕಾ, ಅಥವಾ ತೋಟವಷ್ಟೇ ಸಾಕಾ? ಅತ್ತೆ ಶುದ್ಧ ಸಸ್ಯಾಹಾರಿ, ಊಟಕ್ಕೆ ಏನು ಮಾಡುವುದು? ಹೋಗಿ ಬಂದವರು ದಯವಿಟ್ಟು ಹೇಳಿ.

ಐಐಎಸ್‌ಸಿ ಹಳೇ ವಿದ್ಯಾರ್ಥಿ:

ಮೇಡಂ, ಮೊದಲು ದಾರಿ ವಿಷಯ. ಐಸಿಟಿಪಿಯ ಮುಖ್ಯ ಕಟ್ಟಡ ಇರುವುದು ಗುಡ್ಡದ ಮೇಲೆ. ಕೋಟೆ ಇರುವುದು ಕೆಳಗೆ, ನೀರಿಗೆ ಚಾಚಿಕೊಂಡ ಬಂಡೆಯ ಮೇಲೆ. ನಡುವಿನ ಇಳಿಜಾರಿನಲ್ಲಿ ಹರಡಿಕೊಂಡಿರುವುದೇ ತೋಟ. 22 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ 54 ಎಕರೆ. ಊಟದ ಬಿಡುವಿನಲ್ಲಿ ನೀವು ಮರಗಳ ನಡುವೆ ಇಳಿದು ಸಮುದ್ರ ನೋಡಿ ಬರಬಹುದು. ನಾವೆಲ್ಲ ಮಾಡುತ್ತಿದ್ದದ್ದು ಅದನ್ನೇ. ಇಳಿಯುವಾಗ ಏನೂ ಗೊತ್ತಾಗುವುದಿಲ್ಲ. ವಾಪಸ್ ಹತ್ತುವಾಗ ಗೊತ್ತಾಗುತ್ತದೆ. ಅತ್ತೆಯವರನ್ನು ಮೇಲಿನಿಂದ ಕರೆದುಕೊಂಡು ಹೋಗಲೇಬೇಡಿ.

ಅವರಿಗೆ ಕಡಲ ಕಡೆಯ ದಾರಿ ಸರಿ. ಊರಿನ ರೈಲು ನಿಲ್ದಾಣದ ಹತ್ತಿರ 6ನೇ ನಂಬರ್ ಬಸ್ ಸಿಗುತ್ತದೆ. ಬಾರ್ಕೋಲಾದ ಉದ್ದನೆಯ ಕಡಲ ರಸ್ತೆ ಮುಗಿದು ದಾರಿ ಎರಡಾಗುವ ಕಡೆ ಇಳಿಯಿರಿ. ಬಸ್ಸು ಮೇಲಕ್ಕೆ ಹತ್ತುತ್ತದೆ, ನೀವು ಕೆಳಗಿನ ರಸ್ತೆ ಹಿಡಿಯಿರಿ. ಹೆಚ್ಚುಕಡಿಮೆ ಸಪಾಟು. ಸುಮಾರು ಒಂದು ಕಿಲೋಮೀಟರ್. ಎಡಗಡೆ ಸಮುದ್ರ, ಎದುರಿಗೆ ಬಿಳಿ ಕೋಟೆ ಕಾಣುತ್ತಲೇ ಇರುತ್ತದೆ. ಅದೇ ಬಸ್ಸು ಮುಂದೆ ಗ್ರಿನ್ಯಾನೋ ಎಂಬ ಪುಟ್ಟ ಬಂದರಿಗೆ ಹೋಗುತ್ತದೆ. ಅಲ್ಲಿಂದಲೂ ತೋಟಕ್ಕೆ ಬಾಗಿಲಿದೆ, ಆದರೆ ಏರು ಇದೆ. ಟಿಕೆಟ್ಟನ್ನು ಬಸ್ ಹತ್ತುವ ಮೊದಲೇ ತಂಬಾಕು ಅಂಗಡಿಯಲ್ಲಿ ತಗೊಳ್ಳಿ. ಅಲ್ಲಿ ಬಸ್ ಟಿಕೆಟ್ಟೂ ಮಾರುತ್ತಾರೆ. ಹತ್ತಿದ ತಕ್ಷಣ ಮೆಷಿನ್‌ನಲ್ಲಿ ಮುದ್ರೆ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ಅಂದಹಾಗೆ, ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಈ ಕೇಂದ್ರ ಶುರು ಮಾಡಿದಾಗಿನಿಂದ ನಮ್ಮ ದೇಶದ ಭೌತವಿಜ್ಞಾನಿಗಳು, ಗಣಿತದವರು ಅಲ್ಲಿಗೆ ಹೋಗಿ ಬರುತ್ತಲೇ ಇದ್ದಾರೆ. ತೋಟದ ಬೆಂಚಿನ ಮೇಲೆ ಕನ್ನಡ ಕೇಳಿಸಿದರೆ ಗಾಬರಿ ಆಗಬೇಡಿ. ಸುಮ್ನೆ ಹೋಗಿ ಮಾತಾಡಿಸಿ.

ಕುಂದಾಪ್ರದವ:

ಅಕ್ಕ, ನನ್ನನ್ನು ಕೇಳಿದರೆ ಒಳಗೆ ಹೋಗುವುದೇ ಬೇಡ. ಕೋಟೆ ಅಂದ ತಕ್ಷಣ ಮಿರ್ಜಾನ್ ತರಹ ಬುರುಜು, ಕಂದಕ ಅಂದುಕೊಂಡು ಹೋದವನು ನಾನು. ಇದು ಕೋಟೆಯ ವೇಷ ಹಾಕಿಕೊಂಡ ಬಂಗಲೆ. ಒಳಗೆ ಸೋಫಾ, ಪರದೆ, ಕನ್ನಡಿ. ತೋಟಕ್ಕೆ ಪ್ರವೇಶ ಉಚಿತ, ಸಮುದ್ರವೂ ಉಚಿತ. ಕೋಟೆಯ ಮುಂದಿನ ಕಲ್ಲುಕಟ್ಟೆಯ ತುದಿಗೆ ಹೋಗಿ ನಿಲ್ಲಿ. ಅಲ್ಲಿ ಈಜಿಪ್ಟಿನಿಂದ ತಂದ ಸ್ಫಿಂಕ್ಸ್ ಎಂಬ ಸಿಂಹದ ಮೈಯ ಕಲ್ಲಿನ ಮೂರ್ತಿ ಒಂದು ಕೂತಿದೆ. ಹಿಂತಿರುಗಿ ನೋಡಿದರೆ ಇಡೀ ಕಟ್ಟಡ ಕಾಣುತ್ತದೆ. ಫೋಟೋಕ್ಕೆ ಅದೇ ಜಾಗ.

ಮಗಳ ವಿಷಯ ಹೇಳಲೇಬೇಕು. ಕೋಟೆಯ ಸುತ್ತಲಿನ ನೀರು 1986ರಿಂದ ಸಂರಕ್ಷಿತ ಪ್ರದೇಶ. ಅಲ್ಲಿ ಈಜುವ ಹಾಗಿಲ್ಲ, ಮೀನು ಹಿಡಿಯುವ ಹಾಗೂ ಇಲ್ಲ. ನೀರು ಎಷ್ಟು ತಿಳಿ ಅಂದರೆ ಕಟ್ಟೆಯ ಮೇಲಿಂದಲೇ ಮೀನು ಕಾಣುತ್ತವೆ. ಬೇಸಿಗೆಯಲ್ಲಿ ಮಾರ್ಗದರ್ಶಕರ ಜೊತೆ ನೀರಿಗಿಳಿಸುತ್ತಾರೆ, ಏಪ್ರಿಲ್‌ನಲ್ಲಿ ಆ ಆಸೆ ಬೇಡ. ನೀರು ಆಗ ಐಸ್! ಹಳೇ ಕುದುರೆ ಲಾಯದಲ್ಲಿ ಕಡಲ ಜೀವಿಗಳ ಒಂದು ಸಣ್ಣ ಮ್ಯೂಸಿಯಂ ಮಾಡಿದ್ದಾರೆ, ಮಕ್ಕಳಿಗೆ ಚೆನ್ನಾಗಿದೆ. ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಕಾಲಾದರೂ ನೆನೆಸಬೇಕು ಅಂದರೆ ಬಾರ್ಕೋಲಾಕ್ಕೆ ಬನ್ನಿ. ಆದರೆ ಮಲ್ಪೆ, ಮರವಂತೆ ತರಹದ ಮರಳು ಹುಡುಕಬೇಡಿ. ಅಲ್ಲಿ ಇರುವುದು ಕಾಂಕ್ರೀಟ್ ಮತ್ತು ಕಲ್ಲು. ಊರಿನವರು ಫುಟ್‌ಪಾತ್ ಮೇಲೇ ಟವೆಲ್ ಹಾಸಿ ಬಿಸಿಲಿಗೆ ಮಲಗಿರುತ್ತಾರೆ. ಮರಳೇ ಬೇಕು ಅಂದರೆ ಗ್ರಾಡೋ ಊರಿಗೆ ಹೋಗಬೇಕು. ಅದಕ್ಕೆ ಒಂದು ದಿನ ಬೇರೆಯೇ ಇಡಿ.

ಇತಿಹಾಸದ ಮೇಷ್ಟ್ರು:

ಕುಂದಾಪ್ರದವರ ಮಾತು ನಾನು ಒಪ್ಪುವುದಿಲ್ಲ. ಒಳಗೆ ಹೋಗದೆ ಬಂದರೆ ಆ ಮನೆ ಯಾಕೆ ಅಲ್ಲಿದೆ ಅನ್ನುವುದೇ ತಿಳಿಯುವುದಿಲ್ಲ. ಸ್ವಲ್ಪ ಕಥೆ ಗೊತ್ತಿದ್ದರೆ ಆ ಸೋಫಾ, ಪರದೆ ಬೇರೆಯೇ ಕಾಣುತ್ತವೆ.

ಇದನ್ನು ಕಟ್ಟಿಸಿದವನು ಮ್ಯಾಕ್ಸಿಮಿಲಿಯನ್, ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಯೋಸೆಫ್‌ನ ತಮ್ಮ, ನೌಕಾಪಡೆಯ ಮುಖ್ಯಸ್ಥ. ಆಗ ಟ್ರಿಯೆಸ್ತೆ ಇಟಲಿಯದಲ್ಲ, ಆಸ್ಟ್ರಿಯಾದ ದೊಡ್ಡ ಬಂದರು. 1856ರಲ್ಲಿ ಕೆಲಸ ಶುರುವಾಯಿತು, ವಾಸ್ತುಶಿಲ್ಪಿ ಕಾರ್ಲ್ ಯುಂಕರ್. 1860ರ ಕೊನೆಗೆ ಅವನೂ ಹೆಂಡತಿ ಷಾರ್ಲೋಟೂ ಕೆಳಮಹಡಿಗೆ ಬಂದು ಸೇರಿದರು. ಅವಳು ಬೆಲ್ಜಿಯಂ ರಾಜನ ಮಗಳು. ಮೇಲಿನ ಕೆಲಸ ಇನ್ನೂ ನಡೆಯುತ್ತಲೇ ಇತ್ತು. ಅಷ್ಟರಲ್ಲಿ ಮೆಕ್ಸಿಕೋದ ಸಿಂಹಾಸನ ಅಂತ ಒಂದು ಆಮಿಷ ಬಂತು. ಆ ಆಮಿಷದ ಹಿಂದೆ ಇದ್ದವನು ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್. 1864ರ ಏಪ್ರಿಲ್ 14ರಂದು ಗಂಡ ಹೆಂಡತಿ ಇಲ್ಲಿಂದಲೇ ನೊವಾರಾ ಹಡಗು ಹತ್ತಿದರು. 1867ರ ಜೂನ್ 19ರಂದು ಮೆಕ್ಸಿಕೋದ ಗಣರಾಜ್ಯದವರು ಅವನನ್ನು ಗುಂಡಿಟ್ಟು ಕೊಂದರು. ವಯಸ್ಸು 34. ಹೆಣ ವಾಪಸ್ ತಂದದ್ದೂ ಅದೇ ನೊವಾರಾ. ಸಹಾಯ ಬೇಡಲು ಮೊದಲೇ ಯುರೋಪಿಗೆ ಬಂದಿದ್ದ ಷಾರ್ಲೋಟ್‌ಗೆ ಬುದ್ಧಿ ಕೆಟ್ಟಿತ್ತು. ತೋಟದಲ್ಲೇ ಇರುವ ಚಿಕ್ಕ ಕೋಟೆ, ಕಾಸ್ತೆಲ್ಲೆತ್ತೋ ಅನ್ನುತ್ತಾರಲ್ಲ, ಅಲ್ಲಿ ಕೆಲವು ಕಾಲ ಅವಳನ್ನು ಇಟ್ಟಿದ್ದರು. ಅವಳು ಸತ್ತದ್ದು 1927ರಲ್ಲಿ, ಬೆಲ್ಜಿಯಂನಲ್ಲಿ. ಗಂಡ ಹೋಗಿ 60 ವರ್ಷ ಬದುಕಿದಳು.

ಈಗ ಒಳಗೆ ಹೋಗಿ ನೋಡಿ. ಕೆಳಮಹಡಿಯಲ್ಲಿ ಅವನ ಓದುವ ಕೋಣೆ, ಮಲಗುವ ಕೋಣೆ ಎರಡನ್ನೂ ನೊವಾರಾ ಹಡಗಿನ ಕ್ಯಾಬಿನ್ ತರಹವೇ ಮಾಡಿಸಿಕೊಂಡಿದ್ದಾನೆ. ಮರದ ತಗ್ಗು ಮಾಡು, ಕಿಟಕಿ ಆಚೆ ನೀರು. ಪಕ್ಕದಲ್ಲಿ ಗ್ರಂಥಾಲಯ. ಮೇಲೆ ಹೋದರೆ ಕೆಂಪು ರೇಷ್ಮೆಯ ಗೋಡೆಗಳು, ಸಿಂಹಾಸನದ ಕೋಣೆ. ಆ ಮಹಡಿ ಪೂರ್ತಿಯಾದದ್ದು ಅವನು ಸತ್ತ ಮೇಲೆ. ನನಗೆ ಇಡೀ ಕಟ್ಟಡದಲ್ಲಿ ಮರೆಯಲಾಗದ್ದು ಅದು. ಕಟ್ಟಿಸಿದವನು ಕೂರಲೇ ಇಲ್ಲದ ದರ್ಬಾರು.

ಇಲ್ಲಿ ಮಲಗಿದವರು ಪರದೇಶದಲ್ಲಿ ಸಾಯುತ್ತಾರೆ ಅಂತ ಊರಲ್ಲಿ ಒಂದು ಕಥೆ ಓಡಾಡುತ್ತದೆ. 1930ರ ದಶಕದಲ್ಲಿ ಇಲ್ಲಿದ್ದ ಆವೋಸ್ತಾದ ಡ್ಯೂಕ್ ಅಮೆದೇವೋ 1942ರಲ್ಲಿ ನೈರೋಬಿಯಲ್ಲಿ ಯುದ್ಧಕೈದಿಯಾಗಿ ಸತ್ತದ್ದನ್ನು ಸಾಕ್ಷಿಗೆ ತರುತ್ತಾರೆ. 1945ರಲ್ಲಿ ಬಂದ ನ್ಯೂಜಿಲೆಂಡ್ ಜನರಲ್ ಫ್ರೈಬರ್ಗ್ ಕೋಟೆಯೊಳಗೆ ಮಲಗದೆ ತೋಟದಲ್ಲಿ ಡೇರೆ ಹಾಕಿಸಿಕೊಂಡರು ಅಂತಲೂ ಹೇಳುತ್ತಾರೆ. ಅತ್ತೆಯವರಿಗೆ ಇದನ್ನು ಮೊದಲೇ ಹೇಳಬೇಡಿ, ಬಾಗಿಲಲ್ಲೇ ನಿಂತುಬಿಟ್ಟಾರು.

ಮೆಟ್ಟಿಲು ಕಷ್ಟವಾದರೆ ಕೆಳಮಹಡಿ ನೋಡಿ ಅತ್ತೆಯವರು ಹೊರಗೆ ಕೂರಲಿ. ಮಗಳಿಗೆ ಟಿಕೆಟ್ ಬೇಡ. ಇಟಲಿಯ ಸರ್ಕಾರಿ ಮ್ಯೂಸಿಯಂಗಳಲ್ಲಿ 18 ವರ್ಷದೊಳಗಿನವರಿಗೆ ಉಚಿತ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ಏಪ್ರಿಲ್ 25 ಅವರ ವಿಮೋಚನಾ ದಿನ. ಕೆಲವು ವರ್ಷಗಳಿಂದ ಅಂದೂ ಉಚಿತ ಮಾಡಿದ್ದಾರೆ. ದುಡ್ಡು ಉಳಿಯುತ್ತದೆ ನಿಜ, ಆದರೆ ಜಾತ್ರೆ. ಮೇ 1 ಕೂಡ ರಜೆ. ಈ ದಿನಗಳನ್ನು ಬಿಟ್ಟು, ವಾರದ ನಡುವೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ.

ಮ್ಯೂನಿಕ್‌ನಿಂದ ಶಿರಸಿಯವಳು:

ಎಲ್ಲರೂ ಕೋಟೆ ಹಿಡಿದುಕೊಂಡರು, ತೋಟ ಅನಾಥವಾಯಿತು. ನನಗೆ ಗಿಡದ ಹುಚ್ಚು. ಹಾಗಾಗಿ ಇದು ನನ್ನ ಪಾಲು.

ಆ ಜಾಗ ಮೊದಲು ಬೋಳು ಸುಣ್ಣಕಲ್ಲು. ಸುತ್ತಮುತ್ತಲಿನ ಗುಡ್ಡ ನೋಡಿದರೆ ಗೊತ್ತಾಗುತ್ತದೆ, ಈಗಲೂ ಮಣ್ಣಿಗಿಂತ ಕಲ್ಲೇ ಜಾಸ್ತಿ. ಮ್ಯಾಕ್ಸಿಮಿಲಿಯನ್ ಆಸ್ಟ್ರಿಯಾದ ಸ್ಟೈರಿಯಾ, ಕರಿಂಥಿಯಾ ಕಡೆಯಿಂದ ಮಣ್ಣು ತರಿಸಿದ. ಆಮೇಲೆ ಲೋಕದ ಮರಗಳನ್ನೆಲ್ಲ ತಂದು ನೆಡಿಸಿದ. ಲೆಬನಾನ್‌ನ ಸೀಡರ್, ಸ್ಪೇನಿನ ಫರ್, ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋದ ಸೈಪ್ರೆಸ್, ಗಿಂಕೋ, ದೈತ್ಯ ಸೆಕೋಯಾ, ನಮ್ಮ ಹಿಮಾಲಯದ ದೇವದಾರು ಕೂಡ. ತೋಟ ನೋಡಿಕೊಂಡ ಆಂಟನ್ ಯೆಲಿನೆಕ್ 1857ರಿಂದ 1859ರವರೆಗೆ ನೊವಾರಾ ಹಡಗಿನಲ್ಲಿ ಪ್ರಪಂಚ ಸುತ್ತಿ ಬಂದ ತೋಟಗಾರ. ಆ ಯಾನದಲ್ಲಿ ಹಡಗು ಮದ್ರಾಸಿಗೂ ಬಂದಿತ್ತು!

ತೋಟ ಎರಡು ತರಹ ಇದೆ, ಇದನ್ನು ಗೊತ್ತಿಟ್ಟುಕೊಂಡು ಹೋಗಿ. ಮೇಲಿನ, ಹಿಂಬದಿಯ ಭಾಗ ಕಾಡಿನ ಹಾಗೆ ಬೆಳೆಸಿದ್ದು. ಸುತ್ತಿ ಬಳಸುವ ದಾರಿ, ನೆರಳು, ಕೊಳ. ಇದು ನಿಮ್ಮ ಯಜಮಾನರಿಗೂ ಮಗಳಿಗೂ. ಕೋಟೆಗಿಂತ ಆಚೆ, ಗಾಳಿ ತಾಗದ ಕಡೆ ಸಾಲುಸಾಲಾಗಿ ಹೂವಿನ ಪಾತಿ, ಪ್ರತಿಮೆ, ಹಾಸುಹುಲ್ಲು ಇರುವ ಭಾಗ ಇದೆ. ಅಲ್ಲಿ ನೆಲ ಸಮ. ಅತ್ತೆಯವರು ಬೆಂಚಿನ ಮೇಲೆ ಕೂತು ಆರಾಮಾಗಿ ಒಂದು ತಾಸು ಕಳೆಯಬಹುದು. ಎಲ್ಲವನ್ನೂ ನೋಡಿಯೇ ತೀರಬೇಕು ಅಂತ ಯಾರನ್ನೂ ಎಳೆದಾಡಬೇಡಿ. ಒಂದು ಜಾಗದಲ್ಲಿ ಕೂತರೆ ಸಾಕು, ಅಂಥ ತೋಟ ಅದು. ಹೂ ಕೀಳಬಾರದು ಅಂತ ಅತ್ತೆಗೆ ಮೆಲ್ಲಗೆ ಹೇಳಿಡಿ. ನನ್ನ ಅಮ್ಮ ದೇವರಿಗೆ ಅಂತ ಕೈ ಹಾಕಿಯೇ ಬಿಟ್ಟಿದ್ದಳು.

ಬಟ್ಟೆ ವಿಷಯ: ಆ ಊರಲ್ಲಿ ಬೋರಾ ಅಂತ ಒಂದು ಗಾಳಿ. ಗುಡ್ಡದ ಕಡೆಯಿಂದ ಸಮುದ್ರಕ್ಕೆ ನುಗ್ಗುತ್ತದೆ. ಚಳಿಗಾಲದಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟುವುದುಂಟು, ಜನ ಹಿಡಿದುಕೊಳ್ಳಲಿ ಅಂತ ಹಿಂದೆ ಬೀದಿಯಲ್ಲಿ ಹಗ್ಗ ಕಟ್ಟುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ಅಷ್ಟು ಜೋರು ಅಪರೂಪ, ಆದರೂ ಗಾಳಿ ತಡೆಯುವ ಜಾಕೆಟ್ ಇರಲಿ. ಸ್ವೆಟರ್ ಮಾತ್ರ ಸಾಲದು. ಛತ್ರಿ ನಂಬಬೇಡಿ. ಸೀರೆ ಉಟ್ಟರೆ ಪಿನ್ ಜಾಸ್ತಿ ಹಾಕಿಕೊಳ್ಳಲಿ.

ಊಟ: ತೋಟಕ್ಕೆ ಹೋಗುವ ದಿನ ಕೈಯಲ್ಲಿ ಚಪಾತಿ, ಚಟ್ನಿಪುಡಿ ಇದ್ದರೆ ಚಿಂತೆಯೇ ಇಲ್ಲ. ಹೊರಗೆ ತಿನ್ನುವುದಾದರೆ ಪಿಜ್ಜಾ ಮರಿನಾರಾ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ, ಚೀಸ್ ಇರುವುದಿಲ್ಲ. ಬೆಳ್ಳುಳ್ಳಿಯೂ ಬೇಡವಾದರೆ ಟೊಮೆಟೊ ಪಾಸ್ತಾ ಹೇಳಿ, ಬೆಳ್ಳುಳ್ಳಿ ಹಾಕಬೇಡಿ ಅಂತ ತಿಳಿಸಿ. ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಅತ್ತೆ ಕಟ್ಟುನಿಟ್ಟಾದರೆ ಅದನ್ನು ಮೇಲೆ ಉದುರಿಸಬೇಡಿ ಅಂತ ಮೊದಲೇ ಹೇಳಬೇಕು. ಸೂಪ್, ರಿಸೊಟ್ಟೋ ಎಂಬ ಅನ್ನದ ಅಡುಗೆ, ಇವುಗಳಲ್ಲಿ ಮಾಂಸದ ಸಾರು ಸೇರಿರಬಹುದು. ಯೋಟಾ ಅಂತ ಅಲ್ಲಿನ ಹುರುಳಿಕಾಯಿ ಬೀಜದ ಸೂಪ್ ಪ್ರಸಿದ್ಧ, ಅದರಲ್ಲಿ ಹಂದಿಮಾಂಸ ಹಾಕುವುದು ವಾಡಿಕೆ.

ಬಸವನಗುಡಿಯಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್! ಹೀಗೆ ಮಾಡುತ್ತೇವೆ: ವಾರದ ನಡುವೆ ಬೆಳಿಗ್ಗೆ, ಕೆಳಗಿನ ರಸ್ತೆಯಿಂದ. ಅತ್ತೆ ಕೆಳಮಹಡಿ ನೋಡಿ ಹೂವಿನ ಪಾತಿ ಹತ್ತಿರ ಕೂರುತ್ತಾರೆ. ಅಪ್ಪ ಮಗಳು ಮೇಲಿನ ಮಹಡಿ ನೋಡಿ, ಕಾಡಿನ ಕಡೆ ಸುತ್ತಿಕೊಂಡು ಬರುತ್ತಾರೆ. ನಾನು ಮಧ್ಯಾಹ್ನ ಮೇಲಿನಿಂದ ಇಳಿದು ಸೇರಿಕೊಳ್ಳುತ್ತೇನೆ. ಡೇರೆಯ ಕಥೆ ಯಜಮಾನರಿಗೆ ಮಾತ್ರ ಹೇಳಿದ್ದೇನೆ. ಇನ್ನೊಂದೇ ಪ್ರಶ್ನೆ, ಅತ್ತೆಗೆ ಹತ್ತು ಗಂಟೆಗೆ ಕಾಫಿ ಬೇಕೇ ಬೇಕು. ಅಲ್ಲಿ ಹಾಲಿನ ಕಾಫಿ ಕುಡಿಯುವ ಹಾಗಿರುತ್ತಾ?

ಐಐಎಸ್‌ಸಿ ಹಳೇ ವಿದ್ಯಾರ್ಥಿ:

ಮೇಡಂ, ಕಾಫಿಗೆ ಆ ಊರೇ ಸರಿ. ಇಟಲಿಗೆ ಕಾಫಿ ಬೀಜ ಬಂದಿಳಿಯುವ ದೊಡ್ಡ ಬಂದರು ಟ್ರಿಯೆಸ್ತೆ. ನಮ್ಮ ದೇಶದ ಕಾಫಿ ಜಾಸ್ತಿ ಕೊಳ್ಳುವವರಲ್ಲಿ ಇಟಲಿಯವರು ಮುಂದಿದ್ದಾರೆ, ಕೊಡಗು ಚಿಕ್ಕಮಗಳೂರಿನ ಬೀಜವೇ ಅತ್ತೆಯವರ ಲೋಟಕ್ಕೆ ಬಂದರೂ ಬಂದೀತು. ಕೌಂಟರಿನಲ್ಲಿ ‘ಕಾಪೋ ಇನ್ ಬಿ’ ಅನ್ನಿ. ಪುಟ್ಟ ಗಾಜಿನ ಲೋಟದಲ್ಲಿ ನೊರೆಹಾಲು ಬೆರೆಸಿದ ಗಟ್ಟಿ ಕಾಫಿ ಕೊಡುತ್ತಾರೆ. ಜಾಸ್ತಿ ಹಾಲು ಬೇಕಾದರೆ ‘ಕಫೆಲಾತ್ತೆ’ ಅನ್ನಿ. ನಿಂತುಕೊಂಡು ಕುಡಿದರೆ ಕಡಿಮೆ ದುಡ್ಡು, ಟೇಬಲ್ಲಿಗೆ ಕೂತರೆ ಜಾಸ್ತಿ ಹಾಕುವ ಕಡೆಗಳುಂಟು. ಆದರೂ ಮಂಡಿನೋವಿನವರನ್ನು ನಿಲ್ಲಿಸಬೇಡಿ, ಕೂರಿಸಿಯೇ ಕುಡಿಸಿ.