ರಘು ಮಾವನ ವಿಡಿಯೊ, ಪುಟ್ಟನ ಕಣ್ಣು

(ದೀಪಾಳ ಮಗ ಪುಟ್ಟ ಪದೇ ಪದೇ ಕಣ್ಣು ಮಿಟುಕಿಸುತ್ತಾನೆ. ರಘು ಮಾವ ಮನೆಯವರ ಗುಂಪಿಗೆ ಒಂದು ವಿಡಿಯೊ ಕಳಿಸಿದ್ದಾರೆ. ಅದರಲ್ಲಿ ಒಬ್ಬ ತಾಯಿ ಹೇಳುತ್ತಾಳೆ: ಚೀನಾದ ಗಿಡಮೂಲಿಕೆ, 21 ದಿನದಲ್ಲಿ ಮಕ್ಕಳು ಕಣ್ಣು ಮಿಟುಕಿಸುವ ಚಟ ಮಾಯ!)

ರಘು ಮಾವ: ದೀಪಾ, ಇದನ್ನು ಪೂರ್ತಿ ನೋಡು. ನೀನಿರುವ ಸಿಂಗಪುರದಲ್ಲೇ ಸಿಗುತ್ತದೆ. ಪುಟ್ಟನಿಗೆ ಇಂಗ್ಲಿಷ್ ಮಾತ್ರೆ ಬೇಡವೇ ಬೇಡ.

ದೀಪಾ: ನೋಡಿದೆ ಮಾವ. ನಿನ್ನೆಯೇ ನಮ್ಮ ಮನೆ ಹತ್ತಿರದ ಚೀನೀ ಔಷಧಿ ಅಂಗಡಿಗೆ ಅವನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿಯವರು ನಾಲಿಗೆ ನೋಡಿದರು, ಎರಡೂ ಕೈಯ ನಾಡಿ ಹಿಡಿದರು, ಲಿವರ್‌ನಲ್ಲಿ ಗಾಳಿ ಎದ್ದಿದೆ ಅಂದರು. ಪುಡಿ ತಂದಿದ್ದೇನೆ, ಇನ್ನೂ ಕೊಟ್ಟಿಲ್ಲ. ಈಗ ಕಣ್ಣಿನ ಜೊತೆ ಗಂಟಲು ಸರಿಮಾಡಿಕೊಳ್ಳುವ ಸದ್ದೂ ಶುರುವಾಗಿದೆ. ನನಗೇ ರಾತ್ರಿ ನಿದ್ದೆ ಬರುತ್ತಿಲ್ಲ.

ಗಿರಿಜತ್ತೆ: ನಮ್ಮಲ್ಲಿ ವಾತ ಅಂತಾರಲ್ಲ, ಅದೂ ಗಾಳಿಯೇ ತಾನೇ. ಹಿಂದಿನವರು ಸುಮ್ನೆ ಹೇಳಿಲ್ಲ.

ಶೈಲಾ: ದೀಪಾ, ಇವತ್ತು ಕೊಡಬೇಡ. ಒಲೆ ಮೇಲೆ ಸಾರು ಇದೆ, ಇಳಿಸಿ ಬಂದು ಬರೆಯುತ್ತೇನೆ.

ಶೈಲಾ: ಬಂದೆ. ನನ್ನ ಮಗನಿಗೂ ಎಂಟು ವರ್ಷಕ್ಕೇ ಶುರುವಾಗಿದ್ದು, ನಿಮಗೆಲ್ಲ ಗೊತ್ತು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಭುಜ ಎಗರಿ ಅನ್ನವೆಲ್ಲ ಅಂಗಿ ಮೇಲೆ ಬೀಳುತ್ತಿತ್ತು. ಅದೇ ಹುಡುಗ ಕೇರಂ ಆಡಲು ಕೂತರೆ ಸ್ಟ್ರೈಕರ್ ಮೇಲಿಟ್ಟ ಬೆರಳು ಒಂದಿಷ್ಟೂ ಅಲುಗುತ್ತಿರಲಿಲ್ಲ. ಅದಕ್ಕೇ ಶಾಲೆಯಲ್ಲಿ ಬೇಕಂತಲೇ ಮಾಡುತ್ತಾನೆ ಅಂತ ಬೆಂಚಿನ ಮೇಲೆ ನಿಲ್ಲಿಸಿದ್ದರು. ಇದು ಚಟ ಅಲ್ಲ ಮಾವ, ದಯವಿಟ್ಟು ಆ ಪದ ಬೇಡ. ಟಿಕ್ ಅಂತಾರೆ. ಸೀನು ಬಂದ ಹಾಗೆ ಒಳಗಿಂದ ಒತ್ತಿಕೊಂಡು ಬರುತ್ತದೆ, ಸ್ವಲ್ಪ ಹೊತ್ತು ತಡೆಯಬಹುದು, ಆಮೇಲೆ ಆಗಲ್ಲ.

ಶೈಲಾ: ಇನ್ನೊಂದು ವಿಷಯ. ಟಿಕ್ ತಾನಾಗಿಯೇ ಜಾಸ್ತಿ ಆಗುತ್ತದೆ, ತಾನಾಗಿಯೇ ಕಡಿಮೆ ಆಗುತ್ತದೆ. ನಾವು ಔಷಧಿಗೆ ಓಡುವುದು ತೀರಾ ಜಾಸ್ತಿ ಆದಾಗ, ಅಲ್ವಾ? ಆಗ ಏನು ಕೊಟ್ಟರೂ ಮೂರು ವಾರದಲ್ಲಿ ಇಳಿದ ಹಾಗೆ ಕಾಣುತ್ತದೆ. ನಾನೂ ಒಂದು ಲೇಹ್ಯ ಕೊಟ್ಟು ಊರಿಗೆಲ್ಲ ಹೇಳಿಕೊಂಡು ಬಂದೆ. ಎರಡು ತಿಂಗಳಿಗೆ ಭುಜ ಬಿಟ್ಟು ಮೂಗಿಗೆ ಬಂತು.

ರಘು ಮಾವ: ಹಾಗಾದರೆ ಚೀನಾದವರು ಸಾವಿರಾರು ವರ್ಷ ಮೋಸ ಹೋದರಾ? ಮಲೇರಿಯಾ ಔಷಧಿ ಕಂಡುಹಿಡಿದ ಟು ಯೂಯೂಗೆ 2015ರಲ್ಲಿ ನೊಬೆಲ್ ಬಂತಲ್ಲ, ಅದೂ ಗಿಡಮೂಲಿಕೆಯೇ.

ಶೈಲಾ: ಹೌದು ಮಾವ, ನನಗೆ ಆಕೆಯ ಮೇಲೆ ತುಂಬಾ ಗೌರವ. ಆದರೆ ಆಕೆ ಮಾಡಿದ್ದೇನು ನೋಡಿ. ಹಳೆ ಪುಸ್ತಕ ಓದಿ, ಕುದಿಸಿದರೆ ಗುಣ ಹೋಗುತ್ತಿರಬಹುದು ಅಂತ ಯೋಚಿಸಿ, ಕಡಿಮೆ ಬಿಸಿಯಲ್ಲಿ ಈಥರ್ ಅನ್ನುವ ದ್ರಾವಕ ಹಾಕಿ ಸಾರ ತೆಗೆದರು. ಇಲಿಗೆ ಕೊಟ್ಟು ನೋಡಿದರು, ಕೋತಿಗೆ ಕೊಟ್ಟು ನೋಡಿದರು, ಆಮೇಲೆ ತಾವೇ ತಗೊಂಡು ನೋಡಿದರು. ರೋಗಿಗೆ ಕೊಟ್ಟಿದ್ದು ಅದಾದ ಮೇಲೆ.

ಟಿಕ್‌ಗೂ ಚೀನಾದಲ್ಲೇ ಹಾಗೆ ಪರೀಕ್ಷೆ ಮಾಡಿದ್ದಾರೆ. 5-ಲಿಂಗ್ ಅನ್ನುವ ಗಿಡಮೂಲಿಕೆ ಹರಳುಪುಡಿಯನ್ನು 603 ಮಕ್ಕಳ ಮೇಲೆ ಎಂಟು ವಾರ ನೋಡಿ 2016ರಲ್ಲಿ ಪ್ರಕಟಿಸಿದರು. ಅದು ತಗೊಂಡವರಲ್ಲಿ ನೂರಕ್ಕೆ 74 ಮಕ್ಕಳಿಗೆ ಗುಣ ಕಂಡಿತು, ಅಲ್ಲಿ ಮಾಮೂಲಾಗಿ ಕೊಡುವ ಟಿಯಾಪ್ರೈಡ್ ಮಾತ್ರೆಗೆ ಸರಿಸಮ, ತೊಂದರೆಯೂ ಕಡಿಮೆ. ನೀವು ಇದನ್ನು ಕಳಿಸಿದ್ದರೆ ನಾನು ಖುಷಿಯಿಂದ ಓದುತ್ತಿದ್ದೆ. ಆದರೆ ಅದೇ ಪರೀಕ್ಷೆಯಲ್ಲಿ ಔಷಧಿಯೇ ಇಲ್ಲದ ಖಾಲಿ ಪುಡಿ ತಿಂದವರಲ್ಲೂ ನೂರಕ್ಕೆ 44 ಮಕ್ಕಳು ಸುಧಾರಿಸಿದರು! ನಿಮ್ಮ ವಿಡಿಯೊದ ತಾಯಿಯ ಮಗು ಆ 44ರಂಥ ಮಕ್ಕಳಲ್ಲಿ ಒಂದಲ್ಲ ಅಂತ ಹೇಗೆ ಹೇಳುತ್ತೀರಿ?

ದೀಪಾ: ಅಕ್ಕ, ಚೀಟಿಯಲ್ಲಿ ಟಿಯನ್‌ಮಾ, ಗೌಟೆಂಗ್, ಗಾನ್‌ಛಾವ್ ಅಂತಿದೆ. ಕೆಳಗೆ ಇನ್ನೂ ನಾಲ್ಕು ಇವೆ, ಬರೀ ಚೀನೀ ಅಕ್ಷರದಲ್ಲಿ.

ಶೈಲಾ: ಮೊದಲ ಎರಡು ಅವರಲ್ಲಿ ಗಾಳಿ ಇಳಿಸಲು ಕೊಡುವುದು. ಒಂದು ಆರ್ಕಿಡ್ ಜಾತಿಯ ಗೆಡ್ಡೆ, ಇನ್ನೊಂದು ಕೊಕ್ಕೆ ಇರುವ ಬಳ್ಳಿ. ಗಾನ್‌ಛಾವ್ ಅಂದರೆ ಜ್ಯೇಷ್ಠಮಧು. ಗಿರಿಜತ್ತೆ, ನಿಮಗೆ ಬಿಪಿ ಇದೆ, ನೀವು ಯಾವ ಕಷಾಯ ಕುಡಿದರೂ ಅದು ಇದೆಯಾ ನೋಡಿ. ಜಾಸ್ತಿ ದಿನ ತಗೊಂಡರೆ ಪೊಟ್ಯಾಸಿಯಂ ಇಳಿದು ಬಿಪಿ ಏರುತ್ತದೆ. ದೀಪಾ, ಉಳಿದ ನಾಲ್ಕು ಏನು ಅಂತ ಗೊತ್ತಾಗದೆ ಕೊಡಲೇಬೇಡ. ಮನಸ್ಸು ಶಾಂತವಾಗಲು ಅಂತ ಕೊಡುವ ಹಳೇ ಚೀನೀ ಗುಳಿಗೆಗಳಲ್ಲಿ ಝೂಷಾ ಅಂತ ಹಾಕುತ್ತಿದ್ದರು. ಅದು ಇಂಗಳೀಕ, ಪಾದರಸ ಇರುವಂಥದ್ದು. ಸಿಂಗಪುರದಲ್ಲಿ ಚೀನೀ ವೈದ್ಯರು ಕಾನೂನು ಪ್ರಕಾರ ನೋಂದಾಯಿಸಿಕೊಂಡಿರಬೇಕು. ಇವರು ನೋಂದಾಯಿತರಾ ಕೇಳು, ಪ್ಯಾಕೆಟ್ ಮಕ್ಕಳ ಡಾಕ್ಟರಿಗೆ ತೋರಿಸು.

ರಘು ಮಾವ: ಡಾಕ್ಟರು ಮಾತ್ರೆ ಬಿಟ್ಟು ಇನ್ನೇನು ಕೊಡುತ್ತಾರೆ?

ಶೈಲಾ: ನನ್ನ ಮಗನಿಗೆ ಮಾತ್ರೆಯೇ ಬೇಕಾಗಲಿಲ್ಲ ಮಾವ. ಅಭ್ಯಾಸ ಮಾಡಿಸಿದರು. ಭುಜ ಎಗರುತ್ತದೆ ಅನಿಸಿದ ಕೂಡಲೇ ಮೊಣಕೈಯನ್ನು ಮೆಲ್ಲಗೆ ಪಕ್ಕೆಗೆ ಒತ್ತಿಕೊಂಡು, ಆ ಒತ್ತಡ ಹೋಗುವ ತನಕ ಹಾಗೇ ಇರುವುದು. ಅಡುಗೆಮನೆ ಕಟ್ಟೆ ಮೇಲೆ ಕೂತು ದಿನಾ ಇಬ್ಬರೂ ಮಾಡುತ್ತಿದ್ದೆವು. ಗಂಟಲಿನ ಸದ್ದಿಗೆ ಮೂಗಿನಿಂದ ನಿಧಾನ ಉಸಿರು. ಇಂಥ ಅಭ್ಯಾಸವನ್ನು ಅಮೆರಿಕದಲ್ಲಿ 126 ಮಕ್ಕಳ ಮೇಲೆ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದ್ದಾರೆ, ಅಭ್ಯಾಸ ಮಾಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಚೆನ್ನಾಗಿ ಗುಣ ಕಂಡಿತು. ಹತ್ತು ಹನ್ನೆರಡು ವರ್ಷದ ಹೊತ್ತಿಗೆ ಜೋರಾಗಿದ್ದು ಆಮೇಲೆ ಎಷ್ಟೋ ಮಕ್ಕಳಲ್ಲಿ ಕಡಿಮೆ ಆಗುತ್ತದೆ ದೀಪಾ, ಧೈರ್ಯವಾಗಿರು.

ಶೈಲಾ: ಹೆದರಿಕೆ ಆದರೆ, ಯಾರಾದರೂ ನೋಡುತ್ತಿದ್ದರೆ, ಇದು ಇನ್ನೂ ಜಾಸ್ತಿ. ಹೋದ ಭಾನುವಾರದ ವಿಡಿಯೊ ಕಾಲ್‌ನಲ್ಲಿ ನಾವೆಲ್ಲ ಒಬ್ಬರಾದ ಮೇಲೆ ಒಬ್ಬರು ಅವನಿಗೆ ಕಣ್ಣು ಯಾಕೋ ಅಂತ ಕೇಳಿದೆವು. ನಾನೂ ತಡೆಯಲಿಲ್ಲ. ಅವನು ಎದ್ದು ಹೋಗಿ ಮಂಚದ ಹಿಂದೆ ಕೂತ.

ದೀಪಾ: ಹೌದು ಅಕ್ಕ. ಈ ವಾರ ಕಾಲ್ ಬೇಡ ಅಂತಿದ್ದಾನೆ.

ರಘು ಮಾವ: ಆ ಪುಡಿ ಕೆಟ್ಟದ್ದು ಅಂತ ನಾನು ಈಗಲೂ ಒಪ್ಪುವುದಿಲ್ಲ. ಡಾಕ್ಟರಿಗೆ ತೋರಿಸಿಯೇ ಕೊಡು. ಪುಟ್ಟನಿಗೆ ಹೇಳು, ಭಾನುವಾರ ತಾತ ಕಣ್ಣಿನ ಮಾತೇ ಎತ್ತುವುದಿಲ್ಲ, ಅವನ ಫುಟ್‌ಬಾಲ್ ಮ್ಯಾಚ್ ಏನಾಯಿತು ಅಂತ ಮಾತ್ರ ಕೇಳುತ್ತಾನೆ.